ಮೈದಾನವನ್ನು ಬಿಟ್ಟುಕೊಡಿ: ನಮ್ಮ ಜನಪ್ರತಿನಿಧಿಗಳಿಗೆ ಒಬ್ಬ ಸ್ಕೋರರ್‌ನ ಬಹಿರಂಗ ಪತ್ರ

ರಾಯಚೂರು, ಕೊಪ್ಪಳ ಮತ್ತು ಬಳ್ಳಾರಿ ಜಿಲ್ಲೆಗಳ ಸನ್ಮಾನ್ಯ ಶಾಸಕರು, ಸಂಸದರು ಹಾಗೂ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ಮಾನ್ಯರೇ,

ನಾನು ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಪ್ರೌಢಶಾಲೆಯ ಗಣಿತ ಶಿಕ್ಷಕನಾಗಿ ಸೇವೆ ಸಲ್ಲಿಸಿ ಇತ್ತೀಚೆಗೆ ನಿವೃತ್ತನಾದವನು. ಮೂವತ್ತು ವರ್ಷಗಳಿಂದ ನಮ್ಮೂರಿನ ಮೈದಾನದಲ್ಲಿ ನಡೆಯುವ ಕ್ರಿಕೆಟ್ ಪಂದ್ಯಗಳಿಗೆ ಸ್ಕೋರ್ ಬರೆಯುತ್ತ ಬಂದಿದ್ದೇನೆ. ರಾಜಕಾರಣವೆಂದರೆ ಮುಖ ಸಿಂಡರಿಸುವವರ ಸಾಲಿಗೆ ನಾನು ಸೇರಿದವನಲ್ಲ. ನನ್ನ ಮನೆಯ ಪಡಸಾಲೆಯ ಗೋಡೆಯ ಮೇಲೆ ಲಾಲ್ ಬಹದ್ದೂರ್ ಶಾಸ್ತ್ರಿಯವರ ಚಿತ್ರವೂ ಅನಿಲ್ ಕುಂಬ್ಳೆಯವರ ಚಿತ್ರವೂ ಅಕ್ಕಪಕ್ಕದಲ್ಲಿವೆ. ಅವೆರಡನ್ನೂ ಒಂದೇ ಗೌರವದಿಂದ ನಾನೇ ಕಟ್ಟು ಹಾಕಿಸಿ ತೂಗುಹಾಕಿದ್ದೇನೆ. ಆಟಗಾರರಲ್ಲಿ ನಾನು ಮೆಚ್ಚಿಕೊಂಡ ಗುಣವನ್ನೇ ನನ್ನ ಮೆಚ್ಚಿನ ನಾಯಕರಲ್ಲಿಯೂ ಕಂಡಿದ್ದೇನೆ. ಆ ಗುಣವನ್ನು ನೆನಪಿಸಿ ತಮ್ಮಿಂದ ಒಂದು ಉಪಕಾರವನ್ನು ಕೇಳುವುದಕ್ಕಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ಊರಿನ ಹೆಸರನ್ನಾಗಲಿ, ಅಲ್ಲಿಗೆ ಬಂದು ಹೋದ ನಾಯಕರ ಹೆಸರನ್ನಾಗಲಿ, ಅವರ ಪಕ್ಷವನ್ನಾಗಲಿ ನಾನು ಬೇಕೆಂದೇ ಬರೆದಿಲ್ಲ. ಒಬ್ಬರ ಹೆಸರು ಬರೆದರೆ ಉಳಿದವರು ಇದು ತಮಗೆ ಸಂಬಂಧಿಸಿದ ಮಾತಲ್ಲವೆಂದು ಪತ್ರವನ್ನು ಮಡಚಿಡಬಹುದು. ನಾನು ಕಂಡದ್ದನ್ನು ಸಿಂಧನೂರಿನಲ್ಲಿ, ಗಂಗಾವತಿಯಲ್ಲಿ, ಸಿರುಗುಪ್ಪದಲ್ಲಿ ಸ್ಕೋರ್ ಬರೆಯುವ ನನ್ನ ಸ್ನೇಹಿತರೂ ಬೇರೆ ಬೇರೆ ಬಣ್ಣದ ಬಾವುಟಗಳ ಕೆಳಗೆ ಕಂಡಿದ್ದಾರೆ.

2023ರ ವಿಧಾನಸಭಾ ಚುನಾವಣೆಗೆ ಕೆಲವು ವಾರಗಳ ಮೊದಲು ನಮ್ಮೂರಿಗೆ ಒಬ್ಬ ಹಿರಿಯ ನಾಯಕರು ಹೆಲಿಕಾಪ್ಟರ್‌ನಲ್ಲಿ ಬರುವವರಿದ್ದರು. ನಾನು ಅವರ ಅಭಿಮಾನಿ. ಸದನದಲ್ಲಿ ಅವರಾಡಿದ ಮಾತುಗಳನ್ನು ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಂಡಿದ್ದವನು. ಅವರು ಬರುವ ಎರಡು ದಿನ ಮುಂಚೆ ಬೆಳಿಗ್ಗೆ ಮೈದಾನಕ್ಕೆ ಹೋದಾಗ ಜೆಸಿಬಿಯೊಂದು ನಮ್ಮ ಪಿಚ್‌ನ ಮೇಲೆಯೇ ನಿಂತಿತ್ತು. ಹದಿನಾಲ್ಕು ಟಿಪ್ಪರ್ ಗರಸು ತಂದು ಸುರಿದು, ರೋಲರ್ ಹೊಡೆದು, ನಡುವೆ ಸುಣ್ಣದಿಂದ ದೊಡ್ಡದೊಂದು ವೃತ್ತ ಬರೆದರು. ಆ ಪಿಚ್ ಅನ್ನು ಊರಿನ ಹುಡುಗರು ತಾವೇ ಚಂದಾ ಎತ್ತಿ ಮಾಡಿಕೊಂಡಿದ್ದರು. ಕೆರೆಯ ಅಂಗಳದಿಂದ ಎರೆಮಣ್ಣು ತಂದು, ಜರಡಿ ಹಿಡಿದು, ನೀರು ಹಾಕಿ ದಮ್ಮಸು ಮಾಡಿ, ಮ್ಯಾಟು ಬಿಗಿಯಲು ಕಬ್ಬಿಣದ ಮೊಳೆಗಳನ್ನು ಸಾಲಾಗಿ ಹೊಡೆದಿದ್ದರು. ಅದಕ್ಕೆ ಎರಡು ಬೇಸಿಗೆಯ ರಜೆಗಳು ಹಿಡಿದಿದ್ದವು. ನಾಯಕರ ಹೆಲಿಕಾಪ್ಟರ್ ಆ ನೆಲದ ಮೇಲೆ ಇದ್ದದ್ದು ಸುಮಾರು ಐವತ್ತು ನಿಮಿಷ. ನಾನೂ ಅವರ ಸಭೆಗೆ ಹೋಗಿ, ಬಿಸಿಲಲ್ಲಿ ನಿಂತು, ಭಾಷಣ ಕೇಳಿ, ಕೈ ತಟ್ಟಿ ಬಂದೆ. ಮನೆಗೆ ಬಂದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಾಗಿಲಲ್ಲಿ ನಿಂತಿದ್ದ. "ಸರ್, ಇನ್ನ ನಾವು ಎಲ್ಲಿ ಆಡಬೇಕ್ರಿ?" ಎಂದು ಕೇಳಿದ. ಅವನಿಗೆ ಅಂದು ಉತ್ತರ ಕೊಡಲು ನನ್ನಿಂದಾಗಲಿಲ್ಲ.

ಗರಸನ್ನು ಎತ್ತಿಸಿಕೊಡಿ ಎಂದು ಆಮೇಲೆ ಮೂರು ಅರ್ಜಿಗಳನ್ನು ಕೊಟ್ಟೆವು. ಒಂದು ಕಚೇರಿಯಲ್ಲಿ ಮೈದಾನ ತಮ್ಮದಲ್ಲವೆಂದರು. ಇನ್ನೊಂದರಲ್ಲಿ ಹೆಲಿಪ್ಯಾಡ್ ಮಾಡಿಸಿದವರು ತಾವಲ್ಲವೆಂದರು. ಮತ್ತೊಂದರಲ್ಲಿ ಅರ್ಜಿ ತೆಗೆದುಕೊಂಡು ಸ್ವೀಕೃತಿಯ ಮುದ್ರೆ ಒತ್ತಿಕೊಟ್ಟರು. ಆ ಪ್ರತಿ ಇಂದಿಗೂ ನನ್ನ ಬಳಿ ಇದೆ. ಮೂರು ಮಳೆಗಾಲಗಳು ಕಳೆದಿವೆ. ಮೇಲಿನ ಮಣ್ಣು ಕೊಚ್ಚಿಹೋಗಿ ಕಲ್ಲಿನ ಚೂರುಗಳು ಮಾತ್ರ ಎದ್ದು ನಿಂತಿವೆ. ಆ ನೆಲದ ಮೇಲೆ ಡೈವ್ ಹೊಡೆದ ಹುಡುಗರ ಮೊಣಕೈ, ಮೊಣಕಾಲುಗಳು ಹೇಗಾಗುತ್ತವೆ ಎಂಬುದನ್ನು ತಾವು ಊಹಿಸಬಲ್ಲಿರಿ. ಬ್ಯಾಟಿನಿಂದ ಬಂದ ಚೆಂಡು ಕಲ್ಲಿಗೆ ತಗುಲಿ ಎತ್ತ ಹಾರುವುದೋ ತಿಳಿಯದು. ಕವರ್‌ನಲ್ಲಿ ಫೀಲ್ಡಿಂಗ್‌ಗೆ ನಿಂತಿದ್ದ ಒಂಬತ್ತನೆಯ ತರಗತಿಯ ಹುಡುಗನೊಬ್ಬನ ಮುಂಹಲ್ಲು ಹಾಗೆಯೇ ಮುರಿಯಿತು.

ಎರಡನೆಯದು ಕಳೆದ ವರ್ಷದ ಮೇ ತಿಂಗಳ ಪಂದ್ಯಾವಳಿಯ ಮಾತು. ಅಂತಿಮ ಪಂದ್ಯ ಬೆಳಿಗ್ಗೆ ಎಂಟಕ್ಕೆ, ತಲಾ 20 ಓವರ್ ಎಂದು ನಿಗದಿಯಾಗಿತ್ತು. ಮೇ ತಿಂಗಳಲ್ಲಿ ನಮ್ಮ ಕಡೆ ಹನ್ನೊಂದರ ಮೇಲೆ ಹೊಲದಲ್ಲಿ ಎತ್ತನ್ನೂ ಬಿಡುವುದಿಲ್ಲ; ಅದಕ್ಕಾಗಿಯೇ ಎಂಟು ಗಂಟೆ. ಆದರೆ ಉದ್ಘಾಟನೆಗೆ ಬರಬೇಕಾದ ಗಣ್ಯರು ಬಂದಾಗ ಹನ್ನೊಂದೂಕಾಲು. ಅಲ್ಲಿಯವರೆಗೆ ಎರಡೂ ತಂಡಗಳ ಹುಡುಗರು ಸಮವಸ್ತ್ರ ತೊಟ್ಟು ಸಾಲಾಗಿ ನಿಂತೇ ಇದ್ದರು. ಬೌಂಡರಿಯ ಒಳಗೆ ಕಟ್ಟಿದ ವೇದಿಕೆಯ ಮೇಲೆ ಶಾಮಿಯಾನ, ಕೂಲರ್, ಸೋಫಾ ಇದ್ದವು. ಸ್ವಾಗತ, ಪ್ರಾಸ್ತಾವಿಕ, ಹಾರ, ಪೇಟ, ಶಾಲು, ಹನ್ನೆರಡು ಜನರ ಭಾಷಣ. ನನ್ನ ಸ್ಕೋರ್ ಪುಸ್ತಕದಲ್ಲಿ 'ಆಟ ಆರಂಭ' ಎಂಬಲ್ಲಿ 1.25 ಎಂದು ಬರೆದಿದ್ದೇನೆ. 'ಓವರ್' ಎಂಬಲ್ಲಿ 20 ಎಂಬುದನ್ನು ಹೊಡೆದು 8 ಎಂದು ಬರೆದಿದ್ದೇನೆ. ನಾಲ್ಕನೆಯ ಓವರ್‌ನಲ್ಲಿ ವಿಕೆಟ್ ಕೀಪರ್ ತಲೆ ಸುತ್ತಿ ಬಿದ್ದ. ಅವನನ್ನು ಆಟೊದಲ್ಲಿ ಆಸ್ಪತ್ರೆಗೆ ಕಳಿಸಿ, ಗ್ಲುಕೋಸ್ ಏರಿಸಿದ ಸುದ್ದಿ ಬಂದ ಮೇಲೆ ಪಂದ್ಯ ಮುಂದುವರಿಸಿದೆವು. ಗಣ್ಯರು ಅಷ್ಟರಲ್ಲಿ ಹೊರಟುಹೋಗಿದ್ದರು.

ಅದೇ ಪಂದ್ಯದ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಬ್ಯಾಟ್ಸ್‌ಮನ್‌ಗೆ ಚೆಂಡು ಸರಿಯಾಗಿ ಕಾಣಲೆಂದು ನಿಲ್ಲಿಸುವ ಪರದೆ, ಅಂದರೆ ಸೈಟ್ ಸ್ಕ್ರೀನ್, ಇರಬೇಕಾದ ಜಾಗದಲ್ಲಿ, ಬೌಲರ್‌ನ ಕೈಯ ನೇರಕ್ಕೆ, ಇಪ್ಪತ್ತು ಅಡಿಯ ಫ್ಲೆಕ್ಸ್ ಕಟ್ಟಿದ್ದರು. ಗಾಳಿಗೆ ಅದು ಪಟಪಟನೆ ಹೊಡೆದುಕೊಳ್ಳುತ್ತಿತ್ತು. ಚೆಂಡು ಕಾಣುತ್ತಿಲ್ಲ, ಅದನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಎಂದು ಬ್ಯಾಟ್ಸ್‌ಮನ್ ಎರಡು ಸಲ ಕೈಯೆತ್ತಿ ಕೇಳಿಕೊಂಡ. ಅದರ ಮೇಲೆ ನಾಯಕರ ಮುಖವಿರುವುದರಿಂದ ಮುಟ್ಟಲಾಗದು ಎಂದು ಸಂಘಟಕರು ಹೇಳಿದರು. ಮರುಚೆಂಡು ಅವನ ಭುಜಕ್ಕೆ ಬಡಿಯಿತು. ಆ ಫ್ಲೆಕ್ಸಿನಲ್ಲಿದ್ದ ನಾಯಕರಿಗೆ ಇದು ತಿಳಿದಿದ್ದರೆ ತಾವೇ ಎದ್ದು ಬಂದು ಅದನ್ನು ಬಿಚ್ಚಿಸುತ್ತಿದ್ದರೆಂದು ನಾನು ಇಂದಿಗೂ ನಂಬಿದ್ದೇನೆ. ಆ ನಂಬಿಕೆ ಇಲ್ಲದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ.

ನನ್ನ ಈ ನಂಬಿಕೆ ಹುಟ್ಟಿದ್ದು 1983ರಲ್ಲಿ. ಆಗ ನಾನು ಪಿಯುಸಿ ಓದುತ್ತಿದ್ದೆ. ಆ ವರ್ಷದ ಜನವರಿಯಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರ ಬಂತು. ಜೂನ್ 25ರಂದು ಭಾರತ ಲಾರ್ಡ್ಸ್‌ನಲ್ಲಿ ವಿಶ್ವಕಪ್ ಗೆದ್ದಿತು. ನಮ್ಮ ಹಳ್ಳಿಯಲ್ಲಿ ಟಿವಿ ಇರಲಿಲ್ಲ. ಬಸ್ ನಿಲ್ದಾಣದ ಎದುರಿನ ಚಹಾ ಹೋಟೆಲ್ಲಿನ ರೇಡಿಯೊದಲ್ಲಿ ಹಿಂದಿಯ ವೀಕ್ಷಕ ವಿವರಣೆ ಬರುತ್ತಿತ್ತು, ನಿಜಾಮರ ಕಾಲದಲ್ಲಿ ಉರ್ದು ಶಾಲೆಯಲ್ಲಿ ಓದಿದ್ದ ಹಿರಿಯರೊಬ್ಬರು ಅದನ್ನು ನಮಗೆ ಕನ್ನಡದಲ್ಲಿ ಹೇಳುತ್ತಿದ್ದರು. ಭಾರತ 183ಕ್ಕೆ ಆಲೌಟ್ ಆದಾಗ ಅರ್ಧ ಜನ ಎದ್ದುಹೋದರು. ಕಪಿಲ್ ದೇವ್ ಹಿಂದಕ್ಕೆ ಓಡುತ್ತ ರಿಚರ್ಡ್ಸ್ ಕ್ಯಾಚನ್ನು ಹಿಡಿದ ಮೇಲೆ ಎದ್ದುಹೋದವರೆಲ್ಲ ಮತ್ತೆ ಬಂದರು. ವೆಸ್ಟ್ ಇಂಡೀಸ್ 140ಕ್ಕೆ ಮುಗಿಯಿತು. ಆ ವಿಶ್ವಕಪ್‌ನಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಪಡೆದವರು ನಮ್ಮ ರೋಜರ್ ಬಿನ್ನಿ. ಆದರೆ ಅಂದಿನಿಂದ ಇಂದಿನವರೆಗೆ ನನ್ನ ಮನಸ್ಸಿನಲ್ಲಿ ಕುಳಿತಿರುವುದು ಸೈಯದ್ ಕಿರ್ಮಾನಿಯವರ 24 ರನ್. ಅಂತಿಮ ಪಂದ್ಯಕ್ಕೆ ಒಂದು ವಾರ ಮೊದಲು, ಜಿಂಬಾಬ್ವೆ ಎದುರು 17 ರನ್ನಿಗೆ 5 ವಿಕೆಟ್ ಬಿದ್ದಿದ್ದ ಪಂದ್ಯದಲ್ಲಿ ಕಪಿಲ್ ಅಜೇಯ 175 ಹೊಡೆದದ್ದು ಎಲ್ಲರಿಗೂ ಗೊತ್ತು. ಇನ್ನೊಂದು ತುದಿಯಲ್ಲಿ ಕಿರ್ಮಾನಿ ಔಟಾಗದೆ ನಿಂತು, ಒಂಬತ್ತನೆಯ ವಿಕೆಟ್ಟಿಗೆ ಮುರಿಯದ 126 ರನ್ನುಗಳ ಜೊತೆಯಾಟದಲ್ಲಿ ನಾಯಕನಿಗೆ ಆಡಲು ಅವಕಾಶ ಮಾಡಿಕೊಡದೆ ಹೋಗಿದ್ದರೆ ಆ 175 ಆಗುತ್ತಿರಲಿಲ್ಲ.

ಅದೇ 1983ರಲ್ಲಿ ಅಧಿಕಾರಕ್ಕೆ ಬಂದ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಖಾತೆ ವಹಿಸಿಕೊಂಡವರು ಅಬ್ದುಲ್ ನಜೀರ್ ಸಾಬ್. ಅದಕ್ಕೂ ಮೊದಲು ನನ್ನ ತಾಯಿ ಹಳ್ಳದಲ್ಲಿ ಒರತೆ ತೋಡಿ, ತಂಬಿಗೆಯಿಂದ ಮೊಗೆದು, ಎರಡು ಕೊಡ ತುಂಬಲು ಬೆಳಗಿನ ಎರಡು ತಾಸು ಕಳೆಯುತ್ತಿದ್ದಳು. ಒಂದೆರಡು ವರ್ಷಗಳಲ್ಲಿ ನಮ್ಮ ಓಣಿಯ ತುದಿಗೆ ಕೊಳವೆಬಾವಿ ಬಂತು, ಕೈಪಂಪು ಬಂತು. ನಾಡಿನ ಜನ ಅವರನ್ನು 'ನೀರ್ ಸಾಬ್' ಎಂದು ಕರೆದದ್ದನ್ನು ತಾವೆಲ್ಲ ಬಲ್ಲಿರಿ. ನನ್ನ ತಾಯಿ ಕೊನೆಯವರೆಗೂ ಆ ಪಂಪನ್ನು 'ಸಾಬರ ಬೋರು' ಎಂದೇ ಕರೆಯುತ್ತಿದ್ದಳು, ಆದರೆ ಆ ಪಂಪಿನ ಮೇಲೆ ಅವರ ಹೆಸರಾಗಲಿ ಚಿತ್ರವಾಗಲಿ ಇರಲಿಲ್ಲ. ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳ ಕಾನೂನನ್ನು ರೂಪಿಸುವಲ್ಲಿ ಮುಂದೆ ನಿಂತು, 1987ರಲ್ಲಿ ಚುನಾವಣೆ ನಡೆದು ಅವು ಅಸ್ತಿತ್ವಕ್ಕೆ ಬಂದಾಗ, ಸಚಿವರಾಗಿ ತಮ್ಮ ಕೈಯಲ್ಲಿದ್ದ ಅಧಿಕಾರವನ್ನು ಊರಿನವರ ಕೈಗೆ ಕೊಟ್ಟವರು ಅವರು. ಮರುವರ್ಷವೇ ತೀರಿಕೊಂಡರು. ಕೈಯಲ್ಲಿರುವುದನ್ನು ಬಿಟ್ಟುಕೊಟ್ಟ ನಾಯಕರನ್ನು ನಾನು ಮೊದಲು ಕಂಡದ್ದು ಅವರಲ್ಲಿ.

ಬಿಟ್ಟುಕೊಡುವ ಈ ಗುಣವನ್ನೇ ನಾನು ಆಟದಲ್ಲಿ ಹುಡುಕಿಕೊಂಡು ಬಂದಿದ್ದೇನೆ. 1980ರ ಫೆಬ್ರವರಿಯಲ್ಲಿ ಮುಂಬೈಯಲ್ಲಿ ಇಂಗ್ಲೆಂಡ್ ವಿರುದ್ಧ ನಡೆದ, ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್‌ನಲ್ಲಿ ನಾಯಕರಾಗಿದ್ದವರು ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥ್. ಇಂಗ್ಲೆಂಡ್ ಐದು ವಿಕೆಟ್ ಕಳೆದುಕೊಂಡು ಸಂಕಟದಲ್ಲಿದ್ದಾಗ ಬಾಬ್ ಟೇಲರ್ ಕ್ಯಾಚ್ ಕೊಟ್ಟರೆಂದು ಅಂಪೈರ್ ಔಟ್ ಕೊಟ್ಟರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ವಿಶ್ವನಾಥ್‌ಗೆ ಅನ್ನಿಸಿತು. ಅವರು ಟೇಲರ್‌ರನ್ನು ವಾಪಸ್ ಕರೆದು ಆಡಿಸಿದರು. ಬೋಥಮ್ ಮತ್ತು ಟೇಲರ್ ಜೊತೆಯಾಟ ಬೆಳೆದು ಇಂಗ್ಲೆಂಡ್ ಹತ್ತು ವಿಕೆಟ್‌ಗಳಿಂದ ಗೆದ್ದಿತು. ನಾಯಕನಾಗಿ ಆ ಟೆಸ್ಟ್ ಸೋತ ವಿಶ್ವನಾಥ್ ನನಗೆ ಇಂದಿಗೂ ದೊಡ್ಡವರು. 1956ರಲ್ಲಿ ತಮಿಳುನಾಡಿನ ಅರಿಯಲೂರಿನ ರೈಲು ಅಪಘಾತಕ್ಕೆ ನೈತಿಕ ಹೊಣೆ ಹೊತ್ತು ಸಚಿವ ಸ್ಥಾನಕ್ಕೆ ರಾಜೀನಾಮೆ ಕೊಟ್ಟ ಶಾಸ್ತ್ರಿಯವರ ಬಗ್ಗೆ ತರಗತಿಯಲ್ಲಿ ಹೇಳುವಾಗಲೆಲ್ಲ ವಿಶ್ವನಾಥರನ್ನೂ ಸೇರಿಸಿ ಹೇಳುತ್ತಿದ್ದೆ. ಗಣಿತದ ಮೇಷ್ಟ್ರಾಗಿ ಪಾಠದ ಹೊರಗಿನ ಮಾತಾಡುತ್ತಾರೆಂದು ಯಾವ ಮಗುವೂ ದೂರಲಿಲ್ಲ.

1999ರ ವರ್ಷವನ್ನೂ ಮರೆಯಲಾರೆ. ಫೆಬ್ರವರಿ 7ರಂದು ದೆಹಲಿಯ ಫಿರೋಜ್ ಶಾ ಕೋಟ್ಲಾದಲ್ಲಿ ಕುಂಬ್ಳೆಯವರು ಪಾಕಿಸ್ತಾನದ ಹತ್ತೂ ವಿಕೆಟ್‌ಗಳನ್ನು 74 ರನ್ನಿಗೆ ಕಿತ್ತರು. ಮರುದಿನ ಶಾಲೆಯ ಸ್ಟಾಫ್ ರೂಮಿನಲ್ಲಿ ನಾವು ಕುಣಿದಿದ್ದೆವು. ಒಂಬತ್ತು ವಿಕೆಟ್ ಬಿದ್ದ ಮೇಲೆ ಇನ್ನೊಂದು ತುದಿಯಿಂದ ಜಾವಗಲ್ ಶ್ರೀನಾಥ್ ಬೌಲ್ ಮಾಡಬೇಕಾಗಿತ್ತು. ಅವರು ಬೇಕೆಂದೇ ಸ್ಟಂಪ್‌ನಿಂದ ಬಹಳ ಹೊರಗೆ ಚೆಂಡು ಹಾಕಿದರು. ಕೊನೆಯ ವಿಕೆಟ್ ಗೆಳೆಯನಿಗೆ ಸಿಗಲಿ ಎಂಬುದಷ್ಟೇ ಅವರ ಉದ್ದೇಶ. ಸ್ಕೋರ್ ಪುಸ್ತಕದಲ್ಲಿ ಆ ಓವರ್‌ಗೆ ಬೇರೆ ಯಾವ ಗುರುತೂ ಇರುವುದಿಲ್ಲ, ಆದರೆ ಸ್ಕೋರ್ ಬರೆಯುವವನಾದ ನನಗೆ ಶ್ರೀನಾಥರ ಎಲ್ಲ ವಿಕೆಟ್‌ಗಳಿಗಿಂತ ಅದು ಮೇಲು. ಆ ವರ್ಷದ ಏಪ್ರಿಲ್ 17ರಂದು ಲೋಕಸಭೆಯಲ್ಲಿ ಅಟಲ್ ಬಿಹಾರಿ ವಾಜಪೇಯಿಯವರ ಸರ್ಕಾರ 269ಕ್ಕೆ 270, ಒಂದೇ ಮತದಿಂದ ಸೋತಿತು. ಅವರು ರಾಷ್ಟ್ರಪತಿಯವರಿಗೆ ರಾಜೀನಾಮೆ ಕೊಟ್ಟು, ಮತ್ತೆ ಜನರ ಮುಂದೆ ಬಂದರು. ಅದೇ ವಾಜಪೇಯಿಯವರು 2004ರಲ್ಲಿ ಭಾರತ ತಂಡ ಪಾಕಿಸ್ತಾನಕ್ಕೆ ಹೊರಟಾಗ ಆಟವನ್ನಷ್ಟೇ ಅಲ್ಲ, ಮನಸ್ಸುಗಳನ್ನೂ ಗೆದ್ದು ಬನ್ನಿ ಎಂದು ಬ್ಯಾಟಿನ ಮೇಲೆ ಬರೆದು ಕಳಿಸಿದರು. ನಾನು ಅವರ ಪಕ್ಷಕ್ಕೆ ಎಂದೂ ಮತ ಹಾಕಿದವನಲ್ಲ; ಆದರೂ ಅವರು ತೀರಿಕೊಂಡ ದಿನ ನನ್ನ ಮನೆಯಲ್ಲಿ ಒಲೆ ತಡವಾಗಿ ಹೊತ್ತಿತು.

ಮಾನ್ಯರೇ, ಮೈದಾನ ಯಾರದು ಎಂಬ ಪ್ರಶ್ನೆಗೆ ನಮ್ಮ ನಾಡಿನಲ್ಲಿಯೇ ಹುಟ್ಟಿದ ಒಬ್ಬ ಆಟಗಾರನ ಬದುಕು ಉತ್ತರ ಕೊಡುತ್ತದೆ. ಪಾಲ್ವಣಕರ್ ಬಾಲೂ ಅವರು ಹುಟ್ಟಿದ್ದು ಧಾರವಾಡದಲ್ಲಿ, ದಲಿತ ಕುಟುಂಬದಲ್ಲಿ. ಪುಣೆಯ ಜಿಮಖಾನಾದಲ್ಲಿ ಅವರ ಕೆಲಸ ಪಿಚ್‌ಗೆ ರೋಲರ್ ಎಳೆಯುವುದು, ನೆಟ್ ಕಟ್ಟುವುದು. ಅಲ್ಲಿನ ಇಂಗ್ಲಿಷರಿಗೆ ನೆಟ್‌ನಲ್ಲಿ ಚೆಂಡು ಹಾಕುತ್ತಲೇ ಅವರು ಎಡಗೈ ಸ್ಪಿನ್ನರ್ ಆಗಿ ಬೆಳೆದರು. ಮುಂದೆ, ಧರ್ಮವಾರು ತಂಡಗಳಿದ್ದ ಆ ಕಾಲದಲ್ಲಿ, ಹಿಂದೂ ತಂಡಕ್ಕೆ ಅವರ ಬೌಲಿಂಗ್ ಬೇಕಾಯಿತು, ಆದರೆ ಚಹಾದ ವಿರಾಮದಲ್ಲಿ ಅವರಿಗೆ ಪೆವಿಲಿಯನ್‌ನ ಹೊರಗೆ, ಬೇರೆ ಮಣ್ಣಿನ ಲೋಟದಲ್ಲಿ ಚಹಾ ಕೊಡುತ್ತಿದ್ದರು. 1911ರಲ್ಲಿ ಇಂಗ್ಲೆಂಡ್ ಪ್ರವಾಸ ಮಾಡಿದ ಭಾರತ ತಂಡದಲ್ಲಿ ಅವರು 114 ವಿಕೆಟ್ ಪಡೆದರು. ಆದರೂ ಅವರಿಗೆ ನಾಯಕತ್ವ ಕೊಡಲಿಲ್ಲ. ಅದಕ್ಕಾಗಿ ಅವರ ಕುಟುಂಬ 1923ರವರೆಗೆ ಕಾಯಬೇಕಾಯಿತು, ಆಗ ಹಿಂದೂ ತಂಡದ ನಾಯಕರಾದವರು ಅವರ ತಮ್ಮ ವಿಠ್ಠಲ್. ಡಾ. ಬಿ.ಆರ್. ಅಂಬೇಡ್ಕರ್ ಅವರು ತಮ್ಮ ತಾರುಣ್ಯದಲ್ಲಿ ಬಾಲೂ ಅವರ ಸಾಧನೆಯನ್ನು ಮೆಚ್ಚಿದವರು. 1937ರ ಮುಂಬೈ ಪ್ರಾಂತ್ಯದ ಚುನಾವಣೆಯಲ್ಲಿ ಇಬ್ಬರೂ ಎದುರಾಳಿಗಳಾಗಿ ನಿಂತು, ಅಂಬೇಡ್ಕರ್ ಗೆದ್ದರು. ನಮ್ಮ ತಾಲ್ಲೂಕುಗಳಲ್ಲಿ ಅಂಬೇಡ್ಕರ್ ಹೆಸರಿನಲ್ಲಿ ನಡೆಯುವ ಪಂದ್ಯಾವಳಿಗಳು ಎಷ್ಟೋ ಇವೆ. ಆ ಪಂದ್ಯಾವಳಿಗಳಲ್ಲಿಯೂ ರೋಲರ್ ಎಳೆದ ಹುಡುಗರು ಬಿಸಿಲಿನಲ್ಲಿ ನಿಂತು, ಆಡದವರು ಶಾಮಿಯಾನದ ನೆರಳಿನಲ್ಲಿ ಕೂರುವುದನ್ನು ನೋಡಿದಾಗ ನನಗೆ ಬಾಲೂ ಅವರ ಮಣ್ಣಿನ ಲೋಟದ ನೆನಪಾಗುತ್ತದೆ, ಎದೆ ಭಾರವಾಗುತ್ತದೆ.

2025ರ ಜೂನ್ 4ರ ಮಾತನ್ನು ಬರೆಯಲೋ ಬೇಡವೋ ಎಂದು ಬಹಳ ಯೋಚಿಸಿದೆ. ಹದಿನೆಂಟು ವರ್ಷ ಕಾದ ಮೇಲೆ ಹಿಂದಿನ ರಾತ್ರಿ ಆರ್‌ಸಿಬಿ ಐಪಿಎಲ್ ಗೆದ್ದಿತ್ತು. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಗುಳೆ ಹೋಗಿದ್ದ ನಮ್ಮೂರಿನ ಇಬ್ಬರು ಹುಡುಗರು ಅಂದು ರಜೆ ಹಾಕಿ ಚಿನ್ನಸ್ವಾಮಿ ಕ್ರೀಡಾಂಗಣದ ಕಡೆ ಹೋಗಿದ್ದರು. ವಿಧಾನಸೌಧದ ಮೆಟ್ಟಿಲುಗಳ ಮೇಲೆ ತಂಡಕ್ಕೆ ಸನ್ಮಾನ ನಡೆಯಿತು, ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತವಾಗಿ 11 ಜನ ಸತ್ತರು. ನಮ್ಮ ಹುಡುಗರ ಫೋನ್ ರಾತ್ರಿ ಒಂಬತ್ತರವರೆಗೆ ಹತ್ತಲಿಲ್ಲ. ಅವರ ತಾಯಂದಿರು ನನ್ನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದರು. ಅವರಿಬ್ಬರೂ ಬದುಕಿ ಬಂದರು. ಬೇರೆ ಹನ್ನೊಂದು ಮನೆಗಳಲ್ಲಿ ಹಾಗಾಗಲಿಲ್ಲ. ಯಾರ ತಪ್ಪು ಎಷ್ಟು ಎಂಬುದನ್ನು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಆದರೆ ಗೆದ್ದವರ ಸುತ್ತ ನಿಲ್ಲುವ ಆತುರ ನಮ್ಮೆಲ್ಲರಲ್ಲಿಯೂ ಎಷ್ಟಿದೆ ಎಂಬುದನ್ನು ಆ ಸಂಜೆ ನಾನು ಕಂಡೆ, ಮತ್ತು ಅಭಿಮಾನಿಯಾಗಿ ನನ್ನೊಳಗಿನ ಆತುರವನ್ನೂ ಕಂಡೆ.

ಇನ್ನು ಸಂತೋಷದ ಒಂದು ಮಾತು. ಅದೇ ವರ್ಷದ ನವೆಂಬರ್ 2ರಂದು ನವಿ ಮುಂಬೈಯಲ್ಲಿ ಹರ್ಮನ್‌ಪ್ರೀತ್ ಕೌರ್ ಅವರ ತಂಡ ದಕ್ಷಿಣ ಆಫ್ರಿಕಾವನ್ನು 52 ರನ್ನುಗಳಿಂದ ಸೋಲಿಸಿ ಮಹಿಳಾ ವಿಶ್ವಕಪ್ ಗೆದ್ದಿತು. ಭಾರತದ ಮಹಿಳಾ ಟೆಸ್ಟ್ ತಂಡಕ್ಕೆ 1976ರಲ್ಲಿ ಮೊದಲ ನಾಯಕಿಯಾದವರು ನಮ್ಮ ಶಾಂತಾ ರಂಗಸ್ವಾಮಿ. ಅವರ ಕಾಲದಲ್ಲಿ ಆಟಗಾರ್ತಿಯರಿಗೆ ರೈಲಿನಲ್ಲಿ ಕಾಯ್ದಿರಿಸಿದ ಸೀಟೂ ಖಚಿತವಿರಲಿಲ್ಲ. ನಮ್ಮ ನೆರೆಯ ವಿಜಯಪುರದ ರಾಜೇಶ್ವರಿ ಗಾಯಕವಾಡ್ 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ಎದುರು 15 ರನ್ನಿಗೆ 5 ವಿಕೆಟ್ ಪಡೆದಾಗಲೇ ನಮ್ಮ ಕಡೆಯ ಹೆಣ್ಣುಮಕ್ಕಳೂ ಅಲ್ಲಿಗೆ ತಲುಪಬಲ್ಲರೆಂದು ಗೊತ್ತಾಗಿತ್ತು. ನವೆಂಬರ್‌ನ ಆ ಗೆಲುವಿನ ನಂತರದ ವಾರ ನಮ್ಮೂರಿನ ಒಂಬತ್ತು ಹುಡುಗಿಯರು ನನ್ನ ಮನೆಗೆ ಬಂದು ತಮಗೂ ಆಡಲು ಕಲಿಸಬೇಕೆಂದು ಕೇಳಿದರು. ಅವರಲ್ಲಿ ಒಬ್ಬಳ ತಂದೆ ಅಕ್ಕಿ ಗಿರಣಿಯಲ್ಲಿ ಹಮಾಲಿ. ಅವಳು ಲೆಗ್ ಸ್ಪಿನ್ ಹಾಕುತ್ತಾಳೆ, ಟಿವಿ ನೋಡಿಯೇ ಕಲಿತದ್ದು. ಅವರಿಗೆ ಬಟ್ಟೆ ಬದಲಿಸಲು ಕೋಣೆಯಿಲ್ಲ, ಶೌಚಾಲಯವಿಲ್ಲ, ಕುಡಿಯುವ ನೀರಿಲ್ಲ. ಇರುವ ಮೈದಾನ ಹೆಲಿಪ್ಯಾಡಿನ ಗರಸಿನದು.

ಆದ್ದರಿಂದ ನನ್ನ ಕೋರಿಕೆಗಳನ್ನು ತಮ್ಮ ಮುಂದಿಡುತ್ತಿದ್ದೇನೆ. ಮೊದಲನೆಯದಾಗಿ, ಶಾಲೆ ಕಾಲೇಜುಗಳ ಮತ್ತು ತಾಲ್ಲೂಕು ಕ್ರೀಡಾಂಗಣಗಳ ಆಟದ ನೆಲದ ಮೇಲೆ ಹೆಲಿಪ್ಯಾಡ್ ಆಗಲಿ ವೇದಿಕೆಯಾಗಲಿ ಬೇಡವೆಂದು ತಾವೇ ತಮ್ಮ ಕಾರ್ಯಕರ್ತರಿಗೆ ಹೇಳಬೇಕು. ಆಟದ ಮೈದಾನಗಳನ್ನು ಕಾಪಾಡಲೆಂದೇ ನಮ್ಮ ರಾಜ್ಯದಲ್ಲಿ 1985ರ ಉದ್ಯಾನವನ, ಆಟದ ಮೈದಾನ ಮತ್ತು ಬಯಲು ಸ್ಥಳಗಳ ಸಂರಕ್ಷಣಾ ಕಾಯ್ದೆ ಇದೆ. ಅದನ್ನು ಮಾಡಿದ್ದು ತಮ್ಮ ಹಿರಿಯರು, ತಾವು ಈಗ ಕುಳಿತಿರುವ ಸದನದಲ್ಲಿಯೇ. ಪ್ರತಿ ತಾಲ್ಲೂಕಿನಲ್ಲಿಯೂ ಊರ ಹೊರಗಿನ ಸರ್ಕಾರಿ ಜಮೀನಿನಲ್ಲಿ ಒಂದು ಶಾಶ್ವತ ಹೆಲಿಪ್ಯಾಡ್ ಮಾಡಿಸಿದರೆ ನಾಯಕರಿಗೂ ಕ್ಷೇಮ, ಮಕ್ಕಳಿಗೂ ಕ್ಷೇಮ. ತೀರ ಅನಿವಾರ್ಯವಾಗಿ ಮೈದಾನ ಬಳಸಿದರೆ ಹದಿನೈದು ದಿನಗಳೊಳಗೆ ಅದನ್ನು ಮೊದಲಿದ್ದಂತೆ ಮಾಡಿಕೊಡುವ ಖರ್ಚನ್ನು ಕಾರ್ಯಕ್ರಮದವರು ಮುಂಚಿತವಾಗಿಯೇ ಠೇವಣಿ ಇಡುವಂತಾಗಲಿ.

ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ನಮಗೆ ಸುಮ್ಮನೆ ಸಿಕ್ಕಿದ್ದಲ್ಲ. ವೈಜನಾಥ ಪಾಟೀಲರಂಥವರು ದಶಕಗಳ ಕಾಲ ಅದಕ್ಕಾಗಿ ಹೋರಾಡಿದರು. 98ನೆಯ ತಿದ್ದುಪಡಿಗೆ ಸಂಸತ್ತು 2012ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅದರಡಿಯ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗಿದೆ. ಶಾಲೆ, ಆಸ್ಪತ್ರೆ, ರಸ್ತೆಗಳಿಗೆ ಆ ಹಣ ಮೊದಲು ಸಲ್ಲಬೇಕೆಂಬುದನ್ನು ನಾನು ಒಪ್ಪುತ್ತೇನೆ, ರಾಯಚೂರಿನಲ್ಲಿ ಏಮ್ಸ್‌ಗಾಗಿ ಧರಣಿ ಕುಳಿತವರ ಜೊತೆ ನಾನೂ ಕುಳಿತಿದ್ದೇನೆ. ಆದರೆ ಅದರ ಒಂದು ಸಣ್ಣ ಪಾಲಿನಲ್ಲಿ ಪ್ರತಿ ತಾಲ್ಲೂಕಿಗೆ ಒಂದು ಟರ್ಫ್ ವಿಕೆಟ್, ಎರಡು ನೆಟ್, ನೆರಳು, ನೀರು, ಹೆಣ್ಣುಮಕ್ಕಳಿಗೆ ಬಾಗಿಲಿರುವ ಒಂದು ಕೋಣೆ ಮತ್ತು ಶೌಚಾಲಯ ಆಗಬಲ್ಲವು. ಪಿಚ್‌ಗೆ ಮಣ್ಣನ್ನು ದೂರದಿಂದ ತರಬೇಕಿಲ್ಲ. ಒಣಗಿದಾಗ ಬಿಗಿದುಕೊಂಡು ಗಟ್ಟಿಯಾಗುವ ಎರೆಮಣ್ಣು ನಮ್ಮ ಹೊಲಗಳಲ್ಲಿಯೇ ಇದೆ. ಬೇಕಾಗಿರುವುದು ಅದನ್ನು ದಿನವೂ ನೋಡಿಕೊಳ್ಳುವ ಒಬ್ಬ ಮನುಷ್ಯ. ಕಟ್ಟಡ ಕಟ್ಟಿ ಬೀಗ ಹಾಕಿದ ಕ್ರೀಡಾಂಗಣಗಳನ್ನು ನಾವು ಬೇಕಾದಷ್ಟು ನೋಡಿದ್ದೇವೆ. ನೀರು ಬಿಟ್ಟು, ರೋಲರ್ ಎಳೆದು, ಸಂಜೆ ಹೊದಿಕೆ ಹಾಕುವವನೊಬ್ಬನಿಗೆ ತಿಂಗಳು ತಿಂಗಳು ಸಂಬಳ ಕೊಡುವ ವ್ಯವಸ್ಥೆ ಮಾಡಿ. ರಾಜ್ಯ ಕ್ರಿಕೆಟ್ ಸಂಸ್ಥೆಯ ರಾಯಚೂರು ವಲಯದವರೊಂದಿಗೆ ತಾವು ಮಾತಾಡಿದರೆ ಆಯ್ಕೆ ಶಿಬಿರಗಳು ತಾಲ್ಲೂಕುಗಳವರೆಗೂ ಬರಬಹುದು. ಹಮಾಲಿಯ ಮಗಳು ಆಯ್ಕೆಗಾಗಿ ಒಂದು ರಾತ್ರಿಯ ಪ್ರಯಾಣ, ಒಂದು ದಿನದ ಕೂಲಿ ಕಳೆದುಕೊಳ್ಳುವುದು ತಪ್ಪುತ್ತದೆ.

ಪಂದ್ಯಾವಳಿಗಳಿಗೆ ತಾವು ಬರಬಾರದೆಂದು ನಾನು ಹೇಳುತ್ತಿಲ್ಲ. 1953ರಲ್ಲಿ ದೆಹಲಿಯಲ್ಲಿ ಸಂಸದರ ಕ್ರಿಕೆಟ್ ಪಂದ್ಯ ನಡೆದಾಗ ಪ್ರಧಾನಿ ನೆಹರೂ ತಾವೇ ಬಿಳಿ ಉಡುಪು ತೊಟ್ಟು ಮೈದಾನಕ್ಕಿಳಿದಿದ್ದರು. ತಾವೂ ಬನ್ನಿ. ಹೇಳಿದ ಹೊತ್ತಿಗೆ ಬನ್ನಿ, ಟಾಸ್ ಹಾಕಿ, ಎರಡು ಮಾತು ಹೇಳಿ, ಹುಡುಗರ ಜೊತೆ ನೆಲದ ಮೇಲೆ ಕುಳಿತು ನಾಲ್ಕು ಓವರ್ ಆಟ ನೋಡಿ. ಸೈಟ್ ಸ್ಕ್ರೀನಿನ ಜಾಗದಲ್ಲಿ ತಮ್ಮ ಚಿತ್ರವಿದ್ದರೆ ಸಂಘಟಕರಿಂದ ತೆಗೆಸಿ. ಟ್ರೋಫಿಗೆ ತಮ್ಮ ಹೆಸರಿನ ಬದಲು ನಜೀರ್ ಸಾಬರ ಹೆಸರಿಡಿ, ಪಾಲ್ವಣಕರ್ ಬಾಲೂ ಅವರ ಹೆಸರಿಡಿ. ಮಕ್ಕಳು ಅವರು ಯಾರೆಂದು ಕೇಳಿದರೆ ಹೇಳಲು ನಾವಿದ್ದೇವೆ. ನಲವತ್ತು ವರ್ಷಗಳ ಮೇಲೂ ನನ್ನ ತಾಯಿಯ ಬಾಯಲ್ಲಿ ನಜೀರ್ ಸಾಬರ ಹೆಸರು ಉಳಿದದ್ದು ನೀರಿನಿಂದ. ಮೈದಾನ ಕೊಟ್ಟವರ ಹೆಸರನ್ನು ಈ ಹುಡುಗಿಯರೂ ಹಾಗೆಯೇ ಇಟ್ಟುಕೊಳ್ಳುತ್ತಾರೆ ಎಂಬುದಕ್ಕೆ ನಾನು ಜಾಮೀನು ನಿಲ್ಲುತ್ತೇನೆ.

ನಮ್ಮ ಅಭ್ಯಾಸ ಪ್ರತಿ ಭಾನುವಾರ ಬೆಳಿಗ್ಗೆ ಆರು ಗಂಟೆಗೆ. ಆಟ ಶುರುವಾಗುವ ಮೊದಲು ಒಂಬತ್ತೂ ಜನ ಸಾಲಾಗಿ ಬಗ್ಗಿ, ಪಿಚ್ ಇದ್ದ ಜಾಗದಿಂದ ಗರಸಿನ ಕಲ್ಲುಗಳನ್ನು ಆರಿಸಿ, ಬುಟ್ಟಿಗೆ ತುಂಬಿ ಬೇಲಿಯ ಹೊರಗೆ ಹಾಕಿ ಬರುತ್ತಾರೆ. ಸ್ಕೋರ್ ಪುಸ್ತಕದ ಕೊನೆಯ ಪುಟದಲ್ಲಿ ನಾನು ಅದರ ಲೆಕ್ಕವನ್ನೂ ಬರೆದಿಡುತ್ತಿದ್ದೇನೆ. ಕಳೆದ ಭಾನುವಾರಕ್ಕೆ ಇನ್ನೂರ ಆರು ಬುಟ್ಟಿಗಳಾದವು. ಬರುವ ಯಾವುದಾದರೂ ಒಂದು ಭಾನುವಾರ ತಾವು ಬಂದು ನೋಡಬೇಕೆಂದು ಅವರೆಲ್ಲರ ಪರವಾಗಿ ವಿನಂತಿಸುತ್ತೇನೆ.

ಗೌರವಪೂರ್ವಕ ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ, ಸ್ಕೋರರ್ ಹಾಗೂ ಮತದಾರ
ರಾಯಚೂರು ಜಿಲ್ಲೆ